ಕಟ್ಟಡಕ್ಕೆ ಹಣ ಬಂತು, ಡಾಕ್ಟರು ಯಾವ ಲೆಕ್ಕದಲ್ಲಿ ಬರುತ್ತಾರೆ?

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರ): ಸರ್, ನಮಸ್ಕಾರ. ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೂವತ್ತು ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರವಾಗಿ ಮೇಲ್ದರ್ಜೆಗೇರಿಸುತ್ತೇವೆ ಎಂದು ಭೂಮಿಪೂಜೆ ಮಾಡಿದರು. ಕಟ್ಟಡ ಎದ್ದಿತು, ಸುಣ್ಣಬಣ್ಣವೂ ಆಯಿತು. ಒಂದೂವರೆ ವರ್ಷದಿಂದ ಬೀಗ ಹಾಕಿದೆ. ಹೆರಿಗೆಗೆ ಈಗಲೂ ಚಿತ್ರದುರ್ಗಕ್ಕೋ ದಾವಣಗೆರೆಗೋ ಓಡುತ್ತೇವೆ. ಹಣ ತಿಂದರೋ, ಹಣವೇ ಬರಲಿಲ್ಲವೋ?

ಉತ್ತರ (ಆರೋಗ್ಯ ಇಲಾಖೆಯ ಲೆಕ್ಕಪತ್ರ ಶಾಖೆಯಲ್ಲಿದ್ದು ನಿವೃತ್ತನಾದವನು): ನಮಸ್ಕಾರ ಗೌಡರೇ. ತಿನ್ನುವವರು ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಬೀಗ ಬಿದ್ದ ಕಟ್ಟಡಗಳ ಕಡತ ಬಿಚ್ಚಿದಾಗ ನನಗೆ ಹೆಚ್ಚಾಗಿ ಕಂಡದ್ದು ಬೇರೆ.

ಸರ್ಕಾರದ ಲೆಕ್ಕದಲ್ಲಿ ಆಸ್ಪತ್ರೆಗೆ ಎರಡು ಚೀಲಗಳಿವೆ. 4210 ಎಂಬ ಲೆಕ್ಕ ಶೀರ್ಷಿಕೆ ಬಂಡವಾಳ ವೆಚ್ಚದ್ದು. ಕಟ್ಟಡ ಅಲ್ಲಿಂದ ಏಳುತ್ತದೆ. 2210 ರಾಜಸ್ವ ವೆಚ್ಚದ್ದು. ಸಂಬಳ, ಔಷಧ, ವಿದ್ಯುತ್ ಬಿಲ್ಲು ಎಲ್ಲ ಅಲ್ಲಿಂದ. ಮೊದಲನೆಯದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಣ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಹಾಗಾಗಿ ಅದಕ್ಕೆ ಒತ್ತಾಯ ಮಾಡುವವರು ಬೇಕಾದಷ್ಟು ಜನ. ಎರಡನೆಯದು ವರ್ಷವರ್ಷವೂ ಹೊರಬೇಕಾದ ಹೊರೆ. ಸಮುದಾಯ ಆರೋಗ್ಯ ಕೇಂದ್ರವೆಂದರೆ ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು, ಶುಶ್ರೂಷಾಧಿಕಾರಿಗಳು ಎಲ್ಲರೂ ಬೇಕು. ಆ ಹುದ್ದೆಗಳನ್ನು ಸೃಜಿಸಲು ಆರ್ಥಿಕ ಇಲಾಖೆ ಒಪ್ಪಬೇಕು. ಕಡತ ಮಲಗುವುದು ಅಲ್ಲಿಯೇ.

ನಿಮ್ಮೂರಿನಲ್ಲಿ ಕಟ್ಟಡದ ಆದೇಶ ಮುಂದೆ ಹೋಗಿ, ಹುದ್ದೆಯ ಆದೇಶ ಹಿಂದೆ ಉಳಿದಿರಬಹುದು. ಅರಿವಳಿಕೆ ತಜ್ಞರಿಲ್ಲದೆ ಶಸ್ತ್ರಚಿಕಿತ್ಸಾ ಕೊಠಡಿ ಬರಿಯ ಟೈಲ್ಸ್ ಹಾಕಿದ ಕೋಣೆ. ಇನ್ನೊಂದು ವಿಷಯ, ಟ್ರಾನ್ಸ್‌ಫಾರ್ಮರ್ ಅಂದಾಜು ಪಟ್ಟಿಯಲ್ಲಿತ್ತೇ ಎಂದೂ ನೋಡಿ. ಅದನ್ನು ಮರೆತು ಎಕ್ಸ್‌ರೇ ಯಂತ್ರವನ್ನು ಪೆಟ್ಟಿಗೆಯಲ್ಲಿಯೇ ಇಟ್ಟದ್ದನ್ನು ಕಂಡಿದ್ದೇನೆ.

ಪ್ರಶ್ನೆ (ಭೀಮಸಮುದ್ರ ಕಡೆಯ ಶಿಕ್ಷಕಿ): ಸರ್, ನಮ್ಮ ಊರಿನ ಮುಂದೆ ದಿನವೂ ಅದಿರಿನ ಲಾರಿಗಳು ಓಡಾಡುತ್ತವೆ. ಗಣಿಯ ಹಣವೆಂದು ಒಂದು ನಿಧಿ ಇದೆಯಂತೆ. ಅದನ್ನು ಆಸ್ಪತ್ರೆಗೆ ಕೇಳಬಹುದೇ?

ಉತ್ತರ: ಧಾರಾಳವಾಗಿ ಕೇಳಿ ಮೇಡಂ, ಧೂಳು ಕುಡಿದವರು ನೀವು. ಒಂದಲ್ಲ, ಎರಡು ನಿಧಿಗಳಿವೆ. ಮೊದಲನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ಹಳೆಯ ಗಣಿ ಗುತ್ತಿಗೆದಾರರು ರಾಜಧನದ (ತೆಗೆದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ಹಣ) ಮೇಲೆ ಶೇ 30, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಇದಕ್ಕೆ ಕಟ್ಟಬೇಕು. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಕನಿಷ್ಠ ಶೇ 70 ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂತಹ ಆದ್ಯತೆಯ ಕೆಲಸಗಳಿಗೆ ಹೋಗಬೇಕು. ಎರಡನೆಯದು ಗಣಿ ಪರಿಸರ ಪುನಶ್ಚೇತನ ನಿಗಮದ ಹಣ. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಕೂಡಿಟ್ಟದ್ದು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗದ ಗಣಿಬಾಧಿತ ಪ್ರದೇಶಕ್ಕೆ ಮೀಸಲು. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ವೈದ್ಯಾಧಿಕಾರಿಯ ಬೇಡಿಕೆ ಪತ್ರದೊಂದಿಗೆ ಜಿಲ್ಲಾಧಿಕಾರಿಗೆ ಕೊಡಿ. ಬಾಯಿಮಾತಿನ ಬೇಡಿಕೆಗೆ ಕಡತ ಸಂಖ್ಯೆ ಬೀಳುವುದಿಲ್ಲ.

ಪ್ರತಿಕ್ರಿಯೆ (ದಾವಣಗೆರೆಯ ವ್ಯಾಪಾರಿ): ಹಾಗಾದರೆ ನಮಗೆ?

ಉತ್ತರ: ಆ ನಿಗಮದ ಪಟ್ಟಿಯಲ್ಲಿ ದಾವಣಗೆರೆ ಇಲ್ಲ ಅಣ್ಣಾ. ನಿಮಗೆ ರಾಜ್ಯ ಬಜೆಟ್ಟು, ರಾಷ್ಟ್ರೀಯ ಆರೋಗ್ಯ ಅಭಿಯಾನವೇ ಮುಖ್ಯ ದಾರಿ. ಅಭಿಯಾನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40.

ಪ್ರತಿಕ್ರಿಯೆ (ಶುಶ್ರೂಷಾಧಿಕಾರಿ, ಚಿತ್ರದುರ್ಗ ಜಿಲ್ಲೆ): ಸರ್, ಹುದ್ದೆ ಮಂಜೂರಾದರೂ ತಜ್ಞರು ಬಂದು ನಿಲ್ಲುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಮಲಗಲು ಒಂದು ಮನೆ ಇಲ್ಲ. ನಾನು ನಲವತ್ತು ಕಿಲೋಮೀಟರ್ ದೂರದಿಂದ ಬಸ್ಸಿನಲ್ಲಿ ಬರುತ್ತೇನೆ.

ಉತ್ತರ: ತಂಗೀ, ನೀನು ಹೇಳಿದ್ದು ನಾನು ಮೊದಲೇ ಬರೆಯಬೇಕಾಗಿದ್ದ ಮಾತು. ಅಂದಾಜು ಪಟ್ಟಿ ಮೊತ್ತ ಮೀರಿದಾಗಲೆಲ್ಲ ಮೊದಲು ಕತ್ತರಿ ಬೀಳುವುದು ವಸತಿಗೃಹಕ್ಕೆ. ಅಂತಹ ಟಿಪ್ಪಣಿಗಳನ್ನು ನಾನೇ ಬರೆದಿದ್ದೇನೆ, ಅದರ ಬಗ್ಗೆ ನನಗೆ ಹೆಮ್ಮೆಯಿಲ್ಲ. ಗಣಿ ನಿಧಿಗೆ ಬೇಡಿಕೆ ಸಲ್ಲಿಸುವವರು ವಸತಿಗೃಹವನ್ನೂ ಆ ಕಾಗದದಲ್ಲಿಯೇ ಸೇರಿಸಿ.

ಪ್ರಶ್ನೆ (ಹೊಳಲ್ಕೆರೆ): ಸರ್, ನಮ್ಮ ವಿಷಯಕ್ಕೆ ಮಾಹಿತಿ ಹಕ್ಕಿನಲ್ಲಿ ಏನೆಂದು ಬರೆಯಲಿ?

ಉತ್ತರ: ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ‘ಯಾಕೆ ತೆರೆದಿಲ್ಲ’ ಎಂದು ಕೇಳಬೇಡಿ. ಕಾರಣ ಹೇಳುವುದು ನಮ್ಮ ಕೆಲಸವಲ್ಲ ಎಂದು ಹಿಂಬರಹ ಕೊಡುತ್ತಾರೆ. ‘ಮೇಲ್ದರ್ಜೆಗೇರಿಸಿದ ಸರ್ಕಾರಿ ಆದೇಶದ ಪ್ರತಿ ಕೊಡಿ’ ಎಂದು ಒಂದು ಅರ್ಜಿ, ‘ಹುದ್ದೆ ಮಂಜೂರಾತಿ ಆದೇಶದ ಪ್ರತಿ ಕೊಡಿ’ ಎಂದು ಇನ್ನೊಂದು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದಗಳ ಮಿತಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಎರಡನೆಯದಕ್ಕೆ ‘ಲಭ್ಯವಿಲ್ಲ’ ಎಂದು ಬಂದರೆ ಆ ಕಾಗದವನ್ನು ಜೋಪಾನವಾಗಿಟ್ಟು ಶಾಸಕರ ಮುಂದೆ ಇಡಿ. ಕಟ್ಟಡದ ಫೋಟೊ ಬೇಡ, ಅದನ್ನು ಅವರು ನೋಡಿದ್ದಾರೆ.