ಪದಚರ್ಚೆ: ಹಳೇ ಬೈಕಿನ ‘ರಿಪ್ರೊಡಕ್ಷನ್’ ಬಿಡಿಭಾಗಕ್ಕೆ ‘ನಕಲಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಕಂಪನಿ ಮುಚ್ಚಿಹೋದ ಬೈಕಿಗೆ ಬೇರೆ ಯಾರೋ ಹೊಸದಾಗಿ ಮಾಡಿ ಮಾರುವ ಬಿಡಿಭಾಗಕ್ಕೆ ಇಂಗ್ಲಿಷಿನಲ್ಲಿ ‘ರಿಪ್ರೊಡಕ್ಷನ್ ಪಾರ್ಟ್’ ಅನ್ನುತ್ತಾರೆ. ಇದನ್ನು ಕನ್ನಡದಲ್ಲಿ ‘ನಕಲಿ ಬಿಡಿಭಾಗ’ ಎಂದು ಬರೆಯಬಹುದೇ? ಬರೆಯಬಾರದು ಎಂದು ನನ್ನ ಅನಿಸಿಕೆ. ಆದರೆ ಅದರ ಬದಲಿಗೆ ಏನು ಅನ್ನುವಲ್ಲಿ ನಮ್ಮೊಳಗೇ ಒಮ್ಮತ ಇಲ್ಲ.

ಪುಣೆಯಲ್ಲಿ ಜಾವಾ, ಯೆಜ್ಡಿ ಬೈಕು ಇಟ್ಟುಕೊಂಡ ಕನ್ನಡದವರು ಕೆಲವರಿದ್ದೇವೆ. ಹಳೇ ಬೈಕನ್ನು ಹೊಸದಾಗಿ ಕೊಂಡವರು ಸಾಮಾನು ತರುವಾಗ ಏನು ನೋಡಬೇಕು ಅನ್ನುವುದರ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅವತ್ತು ಸೇರಿದವರಿಗೆ ಹಂಚುವ ಆಸೆ. ಕರಡಿನಲ್ಲಿ ಒಬ್ಬರು ಎಲ್ಲ ಕಡೆ ‘ನಕಲಿ’ ಎಂದು ಬರೆದರು. ಇನ್ನೊಬ್ಬರು ಅದನ್ನೆಲ್ಲ ಹೊಡೆದುಹಾಕಿ ‘ಡೂಪ್ಲಿಕೇಟ್’ ಮಾಡಿದರು. ಜಗಳ ಅಲ್ಲಿಂದ ಶುರು.

ಮೊದಲು ಬಜಾರಿನ ಮಾತು. ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಇರುವುದು ಎರಡೇ ಜಾತಿ, ‘ಒರಿಜಿನಲ್’ ಮತ್ತು ‘ಡೂಪ್ಲಿಕೇಟ್’. ಗಿರಾಕಿಯ ಮುಖ ನೋಡಿಕೊಂಡು ನಡುವೆ ‘ಕಂಪನಿ ಮಾಲ್’, ‘ಫಸ್ಟ್ ಕಾಪಿ’, ‘ಲೋಕಲ್’ ಎಂಬ ದರ್ಜೆಗಳು ಹುಟ್ಟಿಕೊಳ್ಳುತ್ತವೆ. ಬುಧವಾರ, ಭಾನುವಾರ ಕೂಡುವ ಹಳೇ ಸಾಮಾನಿನ ಜುನಾ ಬಜಾರಿನಲ್ಲಂತೂ ಎಲ್ಲವೂ ಒರಿಜಿನಲ್ಲೇ, ಚೌಕಾಶಿ ಮುಗಿಯುವ ತನಕ.

ಹಳೇ ಜಾವಾಕ್ಕೆ ‘ಕಂಪನಿ ಮಾಲ್’ ಅನ್ನುವುದೇ ತಮಾಷೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ ಹೆಸರು ವಾಪಸ್ ಬಂತು ನಿಜ. ಆದರೆ ಅದು ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯದೇ ಗಾಡಿ. ಅದರ ಪಿಸ್ಟನ್ ಹಳೇ ಟೂ ಸ್ಟ್ರೋಕ್ ಗಾಡಿಗೆ ಕೂರುವುದಿಲ್ಲ. ಹಾಗಾಗಿ, ಬಿಚ್ಚಿದ ಗಾಡಿಯ ಸಾಮಾನು ಬಿಟ್ಟರೆ ಇವತ್ತು ಸಿಗುವುದು ಎರಡು ಬಗೆ. ಬೀಗ ಬೀಳುವ ಮೊದಲು ಮಾಡಿ ಎಲ್ಲೋ ಮೂಲೆಯಲ್ಲಿ ಉಳಿದದ್ದು ಒಂದು. ಆಮೇಲೆ ಬೇರೆಯವರು ಮಾಡಿದ್ದು ಇನ್ನೊಂದು. ಈ ಎರಡನೆಯದನ್ನು ಪೂರ್ತಿ ‘ನಕಲಿ’ ಅಂದುಬಿಟ್ಟರೆ ಓಡುತ್ತಿರುವ ಹಳೇ ಜಾವಾಗಳಲ್ಲಿ ಬಹುಪಾಲು ಅರ್ಧ ನಕಲಿ ಬೈಕುಗಳೇ ಆಗುತ್ತವೆ. ಅಷ್ಟೇಕೆ, ಮೈಸೂರಿನ ಜಾವಾ ಕೂಡ ಚೆಕ್ ಕಂಪನಿಯ ಲೈಸೆನ್ಸ್ ಪಡೆದು ಅದರ ನಕ್ಷೆ ನೋಡಿ ಮಾಡಿದ್ದೇ ಅಲ್ವಾ?

ಹಾಗಂತ ದೂರು ಸುಳ್ಳಲ್ಲ. ಸಾಮಾನಿನ ಗುಣಮಟ್ಟ ನಿಜಕ್ಕೂ ಕೆಟ್ಟಿದೆ. ಯಾವ ಪದ ಎಲ್ಲಿ ಹೊಂದುತ್ತದೆ ಎಂದು ತೂಗಿ ನೋಡಬೇಕಾದರೆ ತೊಂದರೆ ಯಾವ ತರಹದ್ದು ಅನ್ನುವುದು ಗೊತ್ತಿರಬೇಕು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಆಯಿಲ್ ಸೀಲ್ ತೆಗೆದುಕೊಳ್ಳಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಗೂಡಿಗೆ ಬಂದು, ಅಲ್ಲಿಂದ ಮೇಲೆ ಸಿಲಿಂಡರಿಗೆ ಹೋಗುತ್ತದೆ. ಆದ್ದರಿಂದ ಆ ಗೂಡು ಎರಡೂ ಕಡೆ ಬಿಗಿಯಾಗಿ ಮುಚ್ಚಿರಬೇಕು. ಆ ಕೆಲಸ ಕ್ರ್ಯಾಂಕಿನ ಎರಡು ತುದಿಯಲ್ಲಿರುವ ಸೀಲುಗಳದ್ದು. ಅಗ್ಗದ ಸೀಲಿನ ರಬ್ಬರು ಬೇಗ ಗಟ್ಟಿಯಾಗುತ್ತದೆ, ತುಟಿ ಸವೆಯುತ್ತದೆ. ಜಾವಾದಲ್ಲಿ ಎಡಗಡೆ, ಅಂದರೆ ಕ್ಲಚ್ ಇರುವ ಕಡೆ, ಸೀಲು ಹೋದರೆ ಗೇರ್ ಆಯಿಲ್ ಒಳಗೆ ಸೇರಿ ಉರಿಯುತ್ತದೆ. ಹಿಂದೆ ಬಿಳಿ ಹೊಗೆ, ಪ್ಲಗ್ ಕಪ್ಪು. ಇದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ವಾಸಿ. ಬಲಗಡೆ, ಡೈನಮೋ ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ, ಹಾಗಾಗಿ ಅದೂ ಕಡಿಮೆ. ಎಂಜಿನ್ ಕಾದು ಕಾದು ಕೊನೆಗೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ. ಸಾತಾರಾ ದಾರಿಯ ಖಂಬಾಟಕಿ ಘಾಟಿ ಏರುವಾಗ ಹಿಡಿದರೆ ಹಿಂದಿನ ಚಕ್ರವೂ ನಿಂತುಬಿಡುತ್ತದೆ. ಆ ಕ್ಷಣ ಕ್ಲಚ್ ಹಿಡಿಯಬೇಕು ಅನ್ನುವುದು ಗೊತ್ತಿರದಿದ್ದರೆ ಬೀಳುವುದೇ.

ಪಿಸ್ಟನ್ನಿನ ಕಥೆ ಬೇರೆ. 250 ಸಿಸಿ ಜಾವಾದ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಡ್ಡಳತೆ, 65 ಮಿಲಿಮೀಟರು. ಹೊಸದಾಗಿ ಮಾಡಿದ ಪಿಸ್ಟನ್ ಅಳತೆ ಮಾಡಿದರೆ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಲೋಹದಲ್ಲಿ. ಅಲ್ಯೂಮಿನಿಯಂ ಕಾದರೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದನ್ನು ತಗ್ಗಿಸಲು ಪಿಸ್ಟನ್ನಿನ ಲೋಹಕ್ಕೆ ಸಿಲಿಕಾನ್ ಬೆರೆಸುತ್ತಾರೆ. ಸಿಕ್ಕಿದ ಗುಜರಿ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದರೆ ಆ ಲೆಕ್ಕ ತಪ್ಪುತ್ತದೆ. ಮೇಜಿನ ಮೇಲೆ 65 ಇದ್ದದ್ದು ಸಿಲಿಂಡರಿನೊಳಗೆ ಕಾದಾಗ ಎಷ್ಟಾಗುತ್ತದೆ ಅನ್ನುವುದು ಮಾಡಿದವರಿಗೂ ಗೊತ್ತಿರುವುದಿಲ್ಲ. ರೂಪ ಸರಿ, ಅಳತೆ ಸರಿ, ಒಳಗಿನ ಮಾಲು ತಪ್ಪು. ಇದಕ್ಕೆ ‘ನಕಲಿ’ ಅನ್ನಬೇಕೋ ‘ಕಳಪೆ’ ಅನ್ನಬೇಕೋ?

ಸೈಲೆನ್ಸರಿನ ಕ್ರೋಮ್ ಬಗ್ಗೆ ಪುಣೆಯ ಮಳೆಯೇ ತೀರ್ಪು ಕೊಡುತ್ತದೆ. ಹೊಳೆಯುವ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳ್ಳಗೆ. ತುಕ್ಕು ತಡೆಯುವುದು ಮುಖ್ಯವಾಗಿ ಅದರ ಅಡಿಯಲ್ಲಿರುವ ನಿಕಲ್ ಪದರ. ಅಗ್ಗದ ಸೈಲೆನ್ಸರಿನಲ್ಲಿ ನಿಕಲ್ ಹೆಸರಿಗಷ್ಟೇ. ಅಂಗಡಿಯಲ್ಲಿ ಫಳಫಳ, ಜುಲೈ ಕಳೆಯುವುದರೊಳಗೆ ಕೆಂಪು ಚುಕ್ಕೆ. ಇಂಡಿ ಕಡೆಯಿಂದ ಬಂದು ಇಲ್ಲೇ ಗ್ಯಾರೇಜು ಇಟ್ಟಿರುವ ನಮ್ಮ ಮೆಕ್ಯಾನಿಕ್ ಒಬ್ಬರು ಹೇಳುವುದು ಹೀಗೆ: “ನಿಕಲ್ ಇಲ್ಲಂದ್ರ ಅದು ನಕಲ್ ನೋಡ್ರಿ ಸರ.” ಪದಚರ್ಚೆಯನ್ನು ಅವರಿಗೇ ಒಪ್ಪಿಸಬಹುದಿತ್ತು.

ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ತುಂಡಿನಲ್ಲಿ, ಮೇಲೆ ಹೊಡೆದ ನಂಬರು ಒಂದು, ತೂತಿನ ಗಾತ್ರ ಇನ್ನೊಂದು. ಬ್ರೇಕ್ ಶೂ ಮೇಲಿನ ಲೈನಿಂಗ್ ಅಂಟು ಬಿಟ್ಟು ಡ್ರಮ್ಮಿನೊಳಗೇ ಕಳಚುತ್ತದೆ. ಇವೆರಡಕ್ಕೂ ಒಂದೇ ಪದ ಸಾಲದು ಅನ್ನಿಸುತ್ತದೆ. ಮೊದಲನೆಯದು ಸುಳ್ಳು ಹೇಳುವ ಸಾಮಾನು, ಎರಡನೆಯದು ಕೆಲಸ ಬಾರದ ಸಾಮಾನು.

ಈಗ ಪದಗಳಿಗೆ ಬರೋಣ.

‘ನಕಲು’ ಮತ್ತು ‘ನಕಲಿ’ ಒಂದೇ ಬೇರಿನವು, ಅರಬ್ಬಿಯಿಂದ ಬಂದವು. ಆದರೆ ಕನ್ನಡದಲ್ಲಿ ಅವುಗಳ ನಡತೆ ಬೇರೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ‘ನಕಲು’ ಕೊಡುತ್ತಾರೆ, ಅದು ಗೌರವದ ಕಾಗದ. ಅದೇ ಪಹಣಿ ‘ನಕಲಿ’ ಆದರೆ ಪೊಲೀಸರು ಬರುತ್ತಾರೆ. ಕೊನೆಯ ಒಂದು ಅಕ್ಷರದಲ್ಲಿ ಮೋಸ ಬಂದು ಕೂತಿದೆ. ಇದರ ಜೋಡಿ ‘ಅಸಲು’, ‘ಅಸಲಿ’. ಆದರೆ ‘ಅಸಲು’ ಅಂದ ಕೂಡಲೇ ಬಡ್ಡಿ ನೆನಪಾಗುವುದರಿಂದ ಬಿಡಿಭಾಗಕ್ಕೆ ಅದು ಹತ್ತುವುದಿಲ್ಲ. ‘ನಕಲು’ ಕೂಡ ಪೂರ್ತಿ ಸಾಚಾ ಅಲ್ಲ. ಪರೀಕ್ಷೆಯಲ್ಲಿ ‘ನಕಲು ಹೊಡೆದ’ ಹುಡುಗ ಅಲ್ಲೇ ಇದ್ದಾನೆ. ಆದರೂ ‘ಒಳ್ಳೆಯ ನಕಲು’, ‘ಕಳಪೆ ನಕಲು’ ಎರಡೂ ಕಿವಿಗೆ ಸರಿ ಕೇಳುತ್ತವೆ. ‘ಒಳ್ಳೆಯ ನಕಲಿ’ ಕೇಳುವುದಿಲ್ಲ. ನನಗೆ ಇದು ದೊಡ್ಡ ಸಾಕ್ಷಿ.

‘ಡೂಪ್ಲಿಕೇಟ್’ ಇನ್ನೂ ವಿಚಿತ್ರ. ‘ಡೂಪ್ಲಿಕೇಟ್ ಕೀ’ ಎಲ್ಲರ ಮನೆಯಲ್ಲೂ ಇರುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ‘ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್’ ಅಂದರೆ ಕಳೆದುಹೋದದ್ದಕ್ಕೆ ಬೋರ್ಡು ಕೊಟ್ಟದ್ದೋ, ಗಲ್ಲಿಯಲ್ಲಿ ಅಚ್ಚು ಹಾಕಿಸಿದ್ದೋ ಎಂದು ಮತ್ತೆ ಕೇಳಬೇಕು. ‘ಡೂಪ್ಲಿಕೇಟ್ ಪಾರ್ಟ್’ ಮಾತ್ರ ಯಾವಾಗಲೂ ಬೈಗುಳ.

ಮರಾಠಿಯ ನೆರಳೂ ನಮ್ಮ ಮೇಲೆ ಬೀಳುತ್ತದೆ. ಹಿಂದಿಯವರು ‘ಬನಾವಟ್ ಅಚ್ಛೀ ಹೈ’ ಅಂದರೆ ಕಟ್ಟುಮಟ್ಟು ಚೆನ್ನಾಗಿದೆ ಎಂದರ್ಥ. ಮರಾಠಿಯಲ್ಲಿ ‘ಬನಾವಟ್’ ಅಂದರೆ ಖೋಟಾ. ಖೋಟಾ ನೋಟಿಗೆ ಇಲ್ಲಿನ ಪತ್ರಿಕೆಗಳು ‘ಬನಾವಟ್ ನೋಟಾ’ ಎಂದೇ ಬರೆಯುತ್ತವೆ. ಹಿಂದಿ ಮಾತಾಡುವ ಗಿರಾಕಿ ಹೊಗಳಿದ್ದನ್ನು ಮರಾಠಿ ಅಂಗಡಿಯವರು ಆರೋಪ ಎಂದುಕೊಂಡರೆ ಆಶ್ಚರ್ಯ ಇಲ್ಲ. ಪುಣೆಯ ಕನ್ನಡಿಗರು ಇವೆರಡರ ನಡುವೆ ನಿಂತು ಸುಮ್ನೆ ‘ಲೋಕಲ್’ ಅಂದುಬಿಡುತ್ತಾರೆ.

‘ಪ್ರತಿಕೃತಿ’ ಅನ್ನಿ ಎಂದು ಒಬ್ಬ ಮೇಷ್ಟ್ರು ಸೂಚಿಸಿದರು. ಕನ್ನಡ ಪತ್ರಿಕೆ ಓದುವವರಿಗೆ ಪ್ರತಿಕೃತಿ ಇರುವುದೇ ದಹನ ಮಾಡಲು. ಸೈಲೆನ್ಸರ್ ವಿಷಯದಲ್ಲಿ ಅದು ಸರಿಹೋಗಬಹುದೇನೋ.

‘ಪಡಿಯಚ್ಚು’ ನನಗೆ ಬಹಳ ಇಷ್ಟ. ಬ್ರಿಟಿಷ್ ಮೋಟಾರ್‌ಸೈಕಲ್ಲಿನವರು ಇಂಥ ಸಾಮಾನಿಗೆ ‘ಪ್ಯಾಟರ್ನ್ ಪಾರ್ಟ್’ ಅನ್ನುತ್ತಾರೆ, ಅದಕ್ಕೂ ಇದು ಹತ್ತಿರ. ತೊಡಕು ಏನೆಂದರೆ ‘ಅಪ್ಪನ ಪಡಿಯಚ್ಚು’ ಅಂದಾಗ ಒಂಚೂರೂ ವ್ಯತ್ಯಾಸ ಇಲ್ಲ ಎಂಬ ಭರವಸೆ ಇರುತ್ತದೆ. ನಾವು ಮಾತಾಡುತ್ತಿರುವುದೇ ಆ ಭರವಸೆ ಕೊಡಲಾಗದ ಸಾಮಾನಿನ ಬಗ್ಗೆ. ‘ಈ ಪಡಿಯಚ್ಚು ಸರಿಯಾಗಿ ಕೂರುತ್ತಿಲ್ಲ’ ಎಂದು ಹೇಗೆ ಬರೆಯುವುದು?

‘ಮರುತಯಾರಿ’ ಎಂಬುದಕ್ಕೆ ನಮ್ಮಲ್ಲಿ ಹೆಚ್ಚು ಓಟು ಬಿತ್ತು. ‘ಮರುಮುದ್ರಣ’ದ ಹಾಗೆ ಗೌರವವೂ ಇದೆ. ನನ್ನ ತಕರಾರು ಇಷ್ಟೇ: ಗ್ಯಾರೇಜಿನಲ್ಲಿ ಇದು ರೀಕಂಡೀಷನ್ ಅನ್ನುವುದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಹಳೇ ಬ್ರೇಕ್ ಶೂಗೆ ಹೊಸ ಲೈನಿಂಗ್ ಹಾಕಿಸಿದರೆ ಅದೂ ಮರುತಯಾರಿಯೇ. ಅಚ್ಚಿನಿಂದ ಹೊಸದಾಗಿ ಎರಕ ಹೊಯ್ದ ಶೂ ಕೂಡ ಮರುತಯಾರಿ. ಕೊಳ್ಳುವವರಿಗೆ ಈ ಎರಡೂ ಬೇರೆ ಬೇರೆ ಎಂದು ಗೊತ್ತಾಗಲೇಬೇಕು. ಲೋಹ ಹಳೆಯದೋ ಹೊಸದೋ ಅನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ.

ಇನ್ನು ಗ್ಯಾರೇಜಿನಲ್ಲೇ ಓಡಾಡುವ ಒಂದು ಮಾತು. ಪುಣೆ ಹತ್ತಿರದ ಭೋಸರಿ ಕಡೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಸ್ಯಾಂಪಲ್ ಕೊಟ್ಟು ಬುಷ್ಷು, ಪಿನ್ನು, ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ತಯಾರು ಮಾಡಿಸಿಕೊಳ್ಳುವುದುಂಟು. ಅಂಥದ್ದಕ್ಕೆ ಅದೇ ಮೆಕ್ಯಾನಿಕ್ “ಇದು ಡೂಪ್ಲಿಕೇಟ್ ಅಲ್ರಿ, ಮಾಡಿಸಿದ್ದು” ಅನ್ನುತ್ತಾರೆ. ‘ಮಾಡಿಸಿದ್ದು’ ಪದದಲ್ಲಿ ಒಂದು ಜವಾಬ್ದಾರಿ ಇದೆ. ಯಾರು ಮಾಡಿಸಿದ್ದು, ಯಾರ ಹತ್ತಿರ, ಯಾವ ಉಕ್ಕಿನಲ್ಲಿ, ಹಲ್ಲಿಗೆ ಹದ ಕೊಡಿಸಿದ್ದಾರೋ ಇಲ್ಲವೋ ಎಂದು ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಹದ ಕೊಡದ ಸ್ಪ್ರಾಕೆಟ್ ಬೇಗ ಕೊಕ್ಕೆ ಹಲ್ಲಾಗುತ್ತದೆ, ಅದರ ಜೊತೆ ಚೈನೂ ಹಾಳು. ಈ ಪದಕ್ಕೆ ಒಂದೇ ಕಷ್ಟ. ಊರ ಕಡೆ ‘ಯಾರೋ ಮಾಡಿಸಿದ್ದಾರೆ’ ಅಂದರೆ ಮಾಟ ಮಾಡಿಸಿದ್ದಾರೆ ಎಂದೇ ಅರ್ಥ. ಕೈಪಿಡಿಯಲ್ಲಿ ‘ಮಾಡಿಸಿದ ಪಿಸ್ಟನ್’ ಎಂದು ಓದಿ ನಿಂಬೆಹಣ್ಣು ಕಟ್ಟಲು ಹೊರಟವರು ಇರಬಹುದು.

ನನಗೆ ಮುಖ್ಯ ಅನ್ನಿಸಿದ ಇನ್ನೊಂದು ಸಂಗತಿ ಹೇಳಲೇಬೇಕು. ‘ಒರಿಜಿನಲ್’ ಅಂದರೆ ಒಳ್ಳೆಯದು ಎಂದು ನಾವು ಕಣ್ಣು ಮುಚ್ಚಿ ಒಪ್ಪುತ್ತೇವೆ. ರಬ್ಬರಿನ ವಿಷಯದಲ್ಲಿ ಇದು ಪೂರ್ತಿ ತಲೆಕೆಳಗು. ಮೈಸೂರಿನ ಕಾಲದ ಡಬ್ಬಿಯಲ್ಲೇ ಮುಟ್ಟದೆ ಇಟ್ಟಿದ್ದ ಸೀಲು ಸಿಕ್ಕಿತು ಎಂದು ಕೆಲವರು ಜಾಸ್ತಿ ದುಡ್ಡು ಕೊಟ್ಟು ತರುತ್ತಾರೆ. ರಬ್ಬರು ಡಬ್ಬಿಯೊಳಗೂ ಮುದಿಯಾಗುತ್ತದೆ. ಬಗ್ಗಿಸಿದರೆ ಬಿರುಕು. ಸಾಲದ್ದಕ್ಕೆ ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲು. ಹಳೇ ಕಾಲದ ವಾಷರು, ಪೈಪುಗಳು ಅದನ್ನು ತಾಳುವಂತೆ ಮಾಡಿದವಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ. ಸರಿಯಾದ ರಬ್ಬರಿನಲ್ಲಿ ಹೊಸದಾಗಿ ಮಾಡಿದ ನಕಲು ಇಲ್ಲಿ ಒರಿಜಿನಲ್ಲಿಗಿಂತ ಉತ್ತಮ. ಅಂದಮೇಲೆ ನಮಗೆ ಬೇಕಾದ ಪದ ಸಾಮಾನು ಎಲ್ಲಿಂದ ಬಂತು ಎಂದಷ್ಟೇ ಹೇಳಬೇಕು. ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲೇ ತೀರ್ಪು ಕೊಡಬಾರದು. ಎಲ್ಲಕ್ಕೂ ‘ನಕಲಿ’ ಅಂದರೆ ಲಾಭ ಆಗುವುದು ಕೆಟ್ಟದ್ದು ಮಾರುವವರಿಗೇ. ‘ಡೂಪ್ಲಿಕೇಟ್ ಅಂದ ಮೇಲೆ ಇಷ್ಟೇ ಸರ್’ ಎಂದು ಅವರು ಕೈ ತೊಳೆದುಕೊಳ್ಳುತ್ತಾರೆ. ಮುತುವರ್ಜಿಯಿಂದ ಮಾಡುವವರ ಮಾಲೂ ಅದೇ ಗುಂಪಿಗೆ ಸೇರಿ, ಅವರಿಗೆ ಸರಿಯಾದ ಬೆಲೆ ಸಿಗುವುದಿಲ್ಲ.

ಸದ್ಯಕ್ಕೆ ನನ್ನ ಕರಡಿನಲ್ಲಿ ಹೀಗೆ ಮಾಡಿದ್ದೇನೆ. ಇಲ್ಲದ ಕಂಪನಿಯ ಹೆಸರು, ಗುರುತು ಅಚ್ಚು ಹಾಕಿ, ಹಳೇ ಡಬ್ಬಿಯ ತರಹ ಡಬ್ಬಿ ಮಾಡಿ ಮಾರಿದ್ದಕ್ಕೆ ‘ಖೋಟಾ’. ತನ್ನ ಹೆಸರಲ್ಲೇ, ಇದು ಹೊಸದಾಗಿ ಮಾಡಿದ್ದು ಎಂದು ಹೇಳಿ ಮಾರಿದ್ದಕ್ಕೆ ‘ನಕಲು’. ಆ ನಕಲು ಕೆಟ್ಟದ್ದಿದ್ದರೆ ‘ಕಳಪೆ ನಕಲು’. ಕಾರ್ಖಾನೆಯ ಕಾಲದ್ದಕ್ಕೆ ‘ಹಳೇ ಸ್ಟಾಕು’. ಜೆಟ್ಟಿನ ಮೇಲೆ ತಪ್ಪು ನಂಬರು ಹೊಡೆದದ್ದು ಖೋಟಾನೋ ಕಳಪೆಯೋ ಎಂದು ಇನ್ನೂ ವಾದ ನಡೆದಿದೆ. ತಿಳಿದೂ ಹೊಡೆದರೆ ಖೋಟಾ ಅನ್ನುವುದು ನನ್ನ ವಾದ. ತಿಳಿದು ಹೊಡೆದದ್ದು ಹೌದೋ ಅಲ್ಲವೋ ಎಂದು ಗಿರಾಕಿಗೆ ಹೇಗೆ ತಿಳಿಯಬೇಕು ಅನ್ನುವುದು ಎದುರು ವಾದ. ಅದೂ ನ್ಯಾಯವೇ.

ನಿಮ್ಮಲ್ಲಿ ಕೇಳುವುದು ಇಷ್ಟು. ಮೈಸೂರು, ಮಂಗಳೂರು, ಶಿವಮೊಗ್ಗದ ಗ್ಯಾರೇಜುಗಳಲ್ಲಿ ಇಂಥ ಸಾಮಾನಿಗೆ ಏನನ್ನುತ್ತಾರೆ? ಮೈಸೂರಿನ ಯಾದವಗಿರಿಯ ಆ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ನಿಮ್ಮ ಬಳಗದಲ್ಲಿದ್ದರೆ, ಒಳಗಿನ ಮಾಲಿಗೂ ಹೊರಗಿನವರು ಮಾಡಿದ ಮಾಲಿಗೂ ಅವರು ಬೇರೆ ಬೇರೆ ಪದ ಬಳಸುತ್ತಿದ್ದರೇ ಎಂದು ದಯವಿಟ್ಟು ಕೇಳಿ ತಿಳಿಸಿ. ಹೊಲಿಗೆ ಯಂತ್ರ, ಗಡಿಯಾರ, ಹಾರ್ಮೋನಿಯಂ ರಿಪೇರಿ ಮಾಡುವವರಿಗೂ ಇದೇ ಸಮಸ್ಯೆ ಇರಬೇಕು. ಅವರ ಪದಗಳೂ ಆಗಬಹುದು. ದಯವಿಟ್ಟು ಹೊಸ ಸಂಸ್ಕೃತ ಪದ ಕಟ್ಟಿ ಕಳಿಸಬೇಡಿ, ನಾನಾ ಪೇಠೆಯಲ್ಲಿ ನಿಂತು ಅದನ್ನು ಬಾಯಿಬಿಟ್ಟು ಹೇಳಬೇಕಾದವನು ನಾನು.

ಜೂನ್ ಕೊನೆಗೆ ಕರಡು ಅಚ್ಚಿಗೆ ಹೋಗುತ್ತದೆ. ಅದಕ್ಕಿಂತ ಮೊದಲು ಬಂದ ಉತ್ತರಗಳನ್ನೆಲ್ಲ ಸೇರಿಸಿಕೊಳ್ಳುತ್ತೇವೆ.