ಎಲ್‌ಎಂ3886 ಸ್ಟೀರಿಯೋ ಆಂಪ್: ಎಲ್ಲಿಗೆ ಎಷ್ಟು ದಪ್ಪದ ವೈರ್?

ಮೂಡಿಗೆರೆ_ಆಡಿಯೋ:
ಎರಡು ಎಲ್‌ಎಂ3886 (ಆಡಿಯೋ ಆಂಪ್ ಚಿಪ್) ಬೋರ್ಡ್, 24-0-24 ವೋಲ್ಟ್ 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಪ್ರತಿ ರೈಲ್‌ಗೆ (ಪ್ಲಸ್, ಮೈನಸ್ ಸಪ್ಲೈ ಎರಡಕ್ಕೂ) 10,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಸ್ಪೀಕರ್ 8 ಓಮ್, ಆಂಪ್‌ನಿಂದ 5 ಮೀಟರ್ ದೂರ. ನೆಟ್‌ನಲ್ಲಿರೋ ಚಾರ್ಟೆಲ್ಲಾ ಎಡಬ್ಲ್ಯುಜಿ (ಅಮೆರಿಕದ ವೈರ್ ಗೇಜ್) ಲೆಕ್ಕದಲ್ಲಿದೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ 14/36, 23/36, 40/36 ಅಂತ ಕೇಳ್ತಾರೆ. ಯಾವುದನ್ನ ಎಲ್ಲಿಗೆ ಹಾಕೋದು? ವೈರ್ ದಪ್ಪ ಮಾಡಿದರೆ ಹಮ್ (ಸ್ಪೀಕರ್ ಗುಂಯ್ ಅನ್ನೋ ಸದ್ದು) ಕಡಿಮೆ ಆಗುತ್ತಾ?

ಹೇಮಾವತಿ_ದಡ:
ಮೊದಲ ಸಂಖ್ಯೆ ಎಳೆಗಳದ್ದು, ಎರಡನೆಯದು ಒಂದೊಂದು ಎಳೆಯ ಎಸ್‌ಡಬ್ಲ್ಯುಜಿ (ಬ್ರಿಟಿಷ್ ವೈರ್ ಗೇಜ್). 36 ಗೇಜ್ ಅಂದರೆ 0.193 ಮಿ.ಮೀ. ದಪ್ಪ. ಹಾಗಾಗಿ 14/36 ಸುಮಾರು 0.41 ಸ್ಕ್ವೇರ್ ಎಂಎಂ, 23/36 ಸುಮಾರು 0.67, 40/36 ಸುಮಾರು 1.17. ಎಡಬ್ಲ್ಯುಜಿ 18 ಅಂದರೆ 0.82. ಎಸ್‌ಡಬ್ಲ್ಯುಜಿ 18 ಬೇರೆ, ಅದು 1.17. ಎರಡೂ 18 ಅಂತ ಕಲಸಿಬಿಡಬೇಡಿ.

ಸ್ಪೀಕರ್‌ಗೆ ಹೋಗಿಬರೋದು ಸೇರಿ 10 ಮೀಟರ್ ತಾಮ್ರ. 14/36 ಹಾಕಿದರೆ 0.42 ಓಮ್, ಅಂದರೆ 8 ಓಮ್‌ನ ಶೇ. 5ಕ್ಕಿಂತ ಜಾಸ್ತಿ, ಬೇಡ. 23/36ಕ್ಕೆ 0.26 ಓಮ್, ನಡೆಯುತ್ತೆ. ಮುಂದೆ 4 ಓಮ್ ಸ್ಪೀಕರ್ ತರೋ ಯೋಚನೆ ಇದ್ದರೆ ಈಗಲೇ 40/36 ಇಲ್ಲವೇ 1.5 ಸ್ಕ್ವೇರ್ ಎಂಎಂ ಎಳೆಯಿರಿ. ಆದರೆ 4 ಓಮ್‌ಗೆ ಈ 24-0-24 ಜಾಸ್ತಿ, ಚಿಪ್ ಬಿಸಿಯಾಗಿ ಕಟ್ ಆಫ್ ಆಗುತ್ತೆ. ಆಗ 18-0-18 ಹಾಕಿ.

ಬೇಲೂರು_ಸೋಲ್ಡರ್:
ಡಬ್ಬದ ಒಳಗೆ: ಟ್ರಾನ್ಸ್‌ಫಾರ್ಮರ್‌ನಿಂದ ಬ್ರಿಜ್ (ಎಸಿಯನ್ನ ಡಿಸಿ ಮಾಡೋ ಡಯೋಡ್ ಸೆಟ್), ಬ್ರಿಜ್‌ನಿಂದ ಕೆಪಾಸಿಟರ್, ಅಲ್ಲಿಂದ ಬೋರ್ಡ್, ಎಲ್ಲಕ್ಕೂ 23/36 ಸಾಕು. ಇನ್‌ಪುಟ್‌ಗೆ ಶೀಲ್ಡ್ ವೈರ್ ಮಾತ್ರ. ಅಲ್ಲಿ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ದಪ್ಪ ಲೆಕ್ಕಕ್ಕಿಲ್ಲ.

ಹಮ್ ವಿಷಯ ಬೇರೆ ಸರ್. ಕೆಪಾಸಿಟರ್ ಚಾರ್ಜ್ ಆಗುವ ಕರೆಂಟ್ ಒಂದೇ ಸಮ ಹರಿಯಲ್ಲ, ಸೆಕೆಂಡಿಗೆ 100 ಸಲ ಚಿಮ್ಮುತ್ತೆ. ಆ ಚಿಮ್ಮು 10 ಆಂಪಿಯರ್ ಅಂತ ಇಟ್ಟುಕೊಳ್ಳಿ. 10 ಸೆಂ.ಮೀ. 23/36 ವೈರ್‌ನಲ್ಲಿ 25 ಮಿಲಿವೋಲ್ಟ್ ಬೀಳುತ್ತೆ. ಇನ್‌ಪುಟ್ ಗ್ರೌಂಡ್ ಅದೇ ತುಂಡಿನ ಮೇಲೆ ಕೂತಿದ್ದರೆ, 20 ಪಟ್ಟು ಗೇನ್‌ಗೆ ಅರ್ಧ ವೋಲ್ಟ್ ಹಮ್ ಸ್ಪೀಕರ್‌ಗೆ. ಸ್ಕ್ವೇರ್ ಎಂಎಂ ಎರಡರಷ್ಟು ಮಾಡಿದರೂ ಕಾಲು ವೋಲ್ಟ್ ಉಳಿಯುತ್ತೆ! ಗ್ರೌಂಡ್ ದಾರಿ ಬದಲಿಸಬೇಕು. ಟ್ರಾನ್ಸ್‌ಫಾರ್ಮರ್‌ನ 0 ವೈರ್ ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ ಬರಲಿ. ಅಲ್ಲಿಂದ ಒಂದು ಚಿಕ್ಕ ತುಂಡು ಸ್ಟಾರ್ ಪಾಯಿಂಟ್‌ಗೆ, ಅಂದರೆ ಎಲ್ಲ ಗ್ರೌಂಡ್ ಸೇರುವ ಒಂದೇ ಜಾಗಕ್ಕೆ. ಪ್ರತಿ ಬೋರ್ಡ್‌ನ ಪವರ್ ಗ್ರೌಂಡ್, ಸಿಗ್ನಲ್ ಗ್ರೌಂಡ್, ಸ್ಪೀಕರ್‌ನ ವಾಪಸ್ ವೈರ್ ಎಲ್ಲವೂ ಬೇರೆ ಬೇರೆಯಾಗಿ ಆ ಸ್ಟಾರ್‌ಗೇ.

ಪ್ಲಸ್, ಮೈನಸ್, ಗ್ರೌಂಡ್ ಮೂರನ್ನೂ ಒಟ್ಟಿಗೆ ಹೊಸೆದು, ಆದಷ್ಟು ಗಿಡ್ಡ ಮಾಡಿ. ಉದ್ದ ಬಿಟ್ಟರೆ ಚಿಪ್ ಆಸಿಲೇಟ್ ಆಗಬಹುದು (ತಾನಾಗೇ ಕಂಪಿಸಬಹುದು). ಪಿನ್ 1, 5ರ ಪ್ಲಸ್ ಮತ್ತು 4ರ ಮೈನಸ್ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು.

ಮೂಡಿಗೆರೆ_ಆಡಿಯೋ:
ಮೇನ್ಸ್ ಕಡೆಗೂ 23/36 ಹಾಕಬಹುದಾ?

ಹೇಮಾವತಿ_ದಡ:
ಬೇಡವೇ ಬೇಡ. ಕರೆಂಟ್ ಒಂದು ಆಂಪಿಯರ್ ಅಷ್ಟೇ, ತಾಮ್ರ ತಡೆಯುತ್ತೆ. ಆದರೆ ಇಂಥ ಹುಕ್‌ಅಪ್ ವೈರ್‌ನ (ಡಬ್ಬದ ಒಳಗಿನ ಜೋಡಣೆಯ ವೈರ್) ತೆಳು ಇನ್ಸುಲೇಷನ್ 230 ವೋಲ್ಟ್‌ಗೆ ನಂಬೋ ಹಾಗಿಲ್ಲ. 0.75 ಸ್ಕ್ವೇರ್ ಎಂಎಂ ಮೂರು ಕೋರ್ ಕೇಬಲ್ ತನ್ನಿ, ಫೇಸ್‌ನಲ್ಲಿ 2 ಆಂಪಿಯರ್ ಸ್ಲೋ ಬ್ಲೋ ಫ್ಯೂಸ್, ಹಸಿರು (ಅರ್ತ್) ವೈರ್ ಲೋಹದ ಡಬ್ಬಕ್ಕೆ ನಟ್ ಹಾಕಿ ಬಿಗಿಯಿರಿ.

ಬೇಲೂರು_ಸೋಲ್ಡರ್:
ಕೊಳ್ಳುವಾಗ ಒಂದು ಎಳೆಯನ್ನ ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪಕ್ಕೆ ಒಂದೂವರೆ ಪಟ್ಟಿಗೂ ಜಾಸ್ತಿ ರೆಸಿಸ್ಟೆನ್ಸ್. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ತವರ ಲೇಪಿಸಿದ ತಾಮ್ರ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಬರೀ ತಾಮ್ರ ಹಸಿರುಗಟ್ಟುತ್ತೆ, ಹಾಗಾಗಿ ಸಿಕ್ಕಿದರೆ ತವರದ್ದನ್ನೇ ತಗೊಳ್ಳಿ. ಸ್ಕ್ರೂ ಟರ್ಮಿನಲ್‌ಗೆ ಹೋಗುವ ತುದಿಗೆ ಮಾತ್ರ ಸೋಲ್ಡರ್ ತುಂಬಬೇಡಿ. ಮೆತ್ತಗಿನ ಸೋಲ್ಡರ್ ದಿನ ಕಳೆದಂತೆ ಒತ್ತಡಕ್ಕೆ ಜರುಗಿ ಸ್ಕ್ರೂ ಸಡಿಲವಾಗುತ್ತೆ. ಕ್ರಿಂಪ್ ಲಗ್ ಹಾಕಿ.