ಹೃದಯ ಸ್ತಂಭನಕ್ಕೆ ಅಡ್ರಿನಲಿನ್: ಪ್ಯಾರಾಮೆಡಿಕ್-2 ಅಧ್ಯಯನದ ಬಳಿಕವೂ ಏಕೆ?

ಪ್ರಶ್ನೆ (ತುರ್ತು ಚಿಕಿತ್ಸಾ ತಂತ್ರಜ್ಞಾನದ ವಿದ್ಯಾರ್ಥಿನಿ)

ಮಾನ್ಯರೇ, ಹೃದಯ ಸ್ತಂಭನವಾದವರಿಗೆ ಮೂರರಿಂದ ಐದು ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್ ಕೊಡಬೇಕೆಂದು ನಮಗೆ ಕಲಿಸುತ್ತಾರೆ. ಆದರೆ ಬ್ರಿಟನ್ನಿನ ಐದು ಆಂಬುಲೆನ್ಸ್ ಸೇವೆಗಳಲ್ಲಿ 8,014 ರೋಗಿಗಳನ್ನು ಒಳಗೊಂಡು ನಡೆದು, 2018ರಲ್ಲಿ ಪ್ರಕಟವಾದ ಪ್ಯಾರಾಮೆಡಿಕ್-2 ಅಧ್ಯಯನವನ್ನು ಓದಿದ ಮೇಲೆ ಗೊಂದಲಕ್ಕೆ ಬಿದ್ದಿದ್ದೇನೆ. ಮಿದುಳು ಸುಸ್ಥಿತಿಯಲ್ಲಿ ಉಳಿದು ಮನೆಗೆ ಹೋದವರು ಅಡ್ರಿನಲಿನ್ ಗುಂಪಿನಲ್ಲಿ ಶೇ 2.2, ಬರೀ ಸಲೈನ್ (ಮದ್ದಿಲ್ಲದ ಉಪ್ಪುನೀರು) ಪಡೆದ ಗುಂಪಿನಲ್ಲಿ ಶೇ 1.9. ಇಷ್ಟು ಸಣ್ಣ ಅಂತರವನ್ನು ಲಾಭವೆಂದು ಖಚಿತವಾಗಿ ಹೇಳಲಾಗದು. ಹಾಗಿದ್ದ ಮೇಲೆ ಇದನ್ನು ಇನ್ನೂ ಏಕೆ ಕೊಡುತ್ತಿದ್ದೇವೆ? ಸಾವಿನಂಚಿನಲ್ಲಿದ್ದವರಿಗೆ, ಒಪ್ಪಿಗೆಯನ್ನೂ ಕೇಳದೆ, ಸಲೈನ್ ಕೊಟ್ಟು ನೋಡಿದ್ದು ಸರಿಯೇ?

ಉತ್ತರ 1 (ತುರ್ತು ಚಿಕಿತ್ಸಾ ವೈದ್ಯ)

ಅಡ್ರಿನಲಿನ್ ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಹೃದಯದ ಸ್ನಾಯುವಿಗೆ ಹರಿಯುವ ರಕ್ತವನ್ನು ಹೆಚ್ಚಿಸುವುದರಿಂದ ನಿಂತ ಹೃದಯ ಮತ್ತೆ ಮಿಡಿಯುವ ಸಾಧ್ಯತೆ ನಿಜಕ್ಕೂ ಹೆಚ್ಚುತ್ತದೆ. ಅದೇ ಅಧ್ಯಯನದಲ್ಲಿ ನಾಡಿ ಮರಳಿದ್ದು ಶೇ 36.3 ಜನರಿಗೆ, ಸಲೈನ್ ಪಡೆದವರಲ್ಲಿ ಶೇ 11.7 ಮಾತ್ರ. ಮೂವತ್ತು ದಿನ ಬದುಕಿದವರು ಕ್ರಮವಾಗಿ ಶೇ 3.2 ಮತ್ತು ಶೇ 2.4. ಬದುಕುಳಿದವರು ಹೆಚ್ಚಾದ್ದರಿಂದಲೇ ಮಾರ್ಗಸೂಚಿಗಳು ಈ ಮದ್ದನ್ನು ಕೈಬಿಟ್ಟಿಲ್ಲ. ಆದರೆ ಬದುಕಿದವರಲ್ಲಿ ಮಿದುಳಿನ ತೀವ್ರ ಹಾನಿಗೆ ಒಳಗಾದವರ ಪಾಲು ಅಡ್ರಿನಲಿನ್ ಗುಂಪಿನಲ್ಲಿ ಶೇ 31, ಸಲೈನ್ ಗುಂಪಿನಲ್ಲಿ ಶೇ 17.8 ಎಂಬುದನ್ನು ನಾವು ಮರೆಮಾಚಬಾರದು.

ಇನ್ನೊಂದು ಅಂಕಿಯನ್ನು ದಯವಿಟ್ಟು ಗಮನಿಸಿ. ಕರೆ ಬಂದು ಸುಮಾರು 6.6 ನಿಮಿಷಕ್ಕೆ ವಾಹನ ತಲುಪಿತ್ತಾದರೂ, ಮದ್ದು ರಕ್ತ ಸೇರಲು ಮತ್ತೆ 13.8 ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ಮಿದುಳಿಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ.

ಉತ್ತರ 2 (ಆಂಬುಲೆನ್ಸ್ ಇಎಂಟಿ, ಅಂದರೆ ತುರ್ತು ಚಿಕಿತ್ಸಾ ತಂತ್ರಜ್ಞ; ಒಂಬತ್ತು ವರ್ಷದ ಅನುಭವ)

ವೈದ್ಯರು ಹೇಳಿದ ಆ ನಿಮಿಷಗಳ ಬಗ್ಗೆಯೇ ನಾನೂ ಬರೆಯಬೇಕೆಂದಿದ್ದೆ. ನಮ್ಮ ವಾಹನದಲ್ಲಿ ಇರುವುದು ಒಬ್ಬ ಇಎಂಟಿ, ಒಬ್ಬ ಪೈಲಟ್ (ಚಾಲಕ). ಎದೆ ಒತ್ತುತ್ತಲೇ ಸೂಜಿ ಚುಚ್ಚಲು ನರ ಹುಡುಕುವುದು ಹೇಗೆಂದು ಯಾವ ಪಠ್ಯವೂ ಹೇಳಿಕೊಡುವುದಿಲ್ಲ. ಅದೇ ಅಧ್ಯಯನದ ಲೇಖಕರು ಒಂದು ಹೋಲಿಕೆ ಕೊಟ್ಟಿದ್ದಾರೆ: ಒಂದು ಜೀವ ಉಳಿಸಲು 112 ಜನರಿಗೆ ಅಡ್ರಿನಲಿನ್ ಕೊಡಬೇಕು; ಸ್ತಂಭನವನ್ನು ಬೇಗ ಗುರುತಿಸಿದರೆ 11 ಜನರಲ್ಲಿ ಒಬ್ಬರು, ಪಕ್ಕದಲ್ಲಿದ್ದವರು ಸಿಪಿಆರ್ (ಎದೆ ಒತ್ತುವ ಪ್ರಥಮ ಚಿಕಿತ್ಸೆ) ಮಾಡಿದರೆ 15ರಲ್ಲಿ ಒಬ್ಬರು, ಬೇಗನೆ ಡಿಫಿಬ್ರಿಲೇಟರ್ ಯಂತ್ರದಿಂದ ಹೃದಯಕ್ಕೆ ವಿದ್ಯುತ್ ಶಾಕ್ ಕೊಟ್ಟರೆ ಐವರಲ್ಲಿ ಒಬ್ಬರು ಉಳಿಯುತ್ತಾರೆ.

ನಾವು ಹೋಗಿ ನೋಡುವಾಗ ಮನೆಯವರು ಬಾಯಿಗೆ ನೀರು ಬಿಡುತ್ತಿರುತ್ತಾರೆ, ಅಂಗಾಲು ತಿಕ್ಕುತ್ತಿರುತ್ತಾರೆ. ರೋಗಿ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆದುಕೊಂಡರೆ, “ಉಸಿರಾಟ ಇದೆ” ಎಂದೇ ಫೋನಿನಲ್ಲಿ ಹೇಳಿರುತ್ತಾರೆ. ಅದು ಉಸಿರಾಟವಲ್ಲ, ಹೃದಯ ನಿಂತಿರುವುದರ ಲಕ್ಷಣ. ಅದನ್ನು ಕರೆ ಸ್ವೀಕರಿಸುವವರು ಗುರುತಿಸಿ, ಅಲ್ಲಿದ್ದವರ ಕೈಯಿಂದ ಎದೆ ಒತ್ತಿಸುವುದೇ ನನ್ನ ಪೆಟ್ಟಿಗೆಯ ಯಾವ ಮದ್ದಿಗಿಂತಲೂ ದೊಡ್ಡ ಚಿಕಿತ್ಸೆ. ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿದ ಮೇಲೆ ಅವರು ಉಳಿದರೋ ಇಲ್ಲವೋ ಎಂಬುದು ನನಗೆ ತಿಳಿಯುವುದೇ ಅಪರೂಪ. ಅದು ಬಹಳ ಕಾಡುತ್ತದೆ.

ಉತ್ತರ 3 (ಸಮುದಾಯ ಆರೋಗ್ಯ ಅಧ್ಯಾಪಕಿ)

ಒಪ್ಪಿಗೆಯ ಪ್ರಶ್ನೆಗೆ ನನ್ನ ಉತ್ತರ: ಅದು ಸರಿಯಾಗಿಯೇ ಇತ್ತು. ಪ್ರಜ್ಞೆಯಿಲ್ಲದವರನ್ನು ಕೇಳಲಾಗದು, ಮನೆಯವರನ್ನು ಕೇಳುತ್ತ ಕೂರಲು ಸಮಯವಿಲ್ಲ. ಅದಕ್ಕಾಗಿ ನೈತಿಕ ಸಮಿತಿಯ ಅನುಮತಿಯೊಂದಿಗೆ, ಬದುಕುಳಿದವರನ್ನು ಆಮೇಲೆ ಕೇಳುವ ಕ್ರಮವಿತ್ತು; ಭಾಗವಹಿಸಲು ಇಷ್ಟವಿಲ್ಲದವರು ಮೊದಲೇ ಒಂದು ಬಳೆಯನ್ನು ಪಡೆದು ತೊಡಬಹುದಿತ್ತು. ಬರೀ ಬದುಕುವುದಕ್ಕಿಂತ ಮಿದುಳು ನೆಟ್ಟಗಿದ್ದು ಬದುಕುವುದು ಮುಖ್ಯವೆಂಬ ಅಭಿಪ್ರಾಯವನ್ನೂ ರೋಗಿಗಳು ಮತ್ತು ಸಾರ್ವಜನಿಕರಿಂದಲೇ ಮೊದಲು ತಿಳಿದುಕೊಳ್ಳಲಾಗಿತ್ತು. ಇಂತಹ ಎಚ್ಚರವಿಲ್ಲದೆ ಈ ಕೆಲಸ ನಡೆಯದು. 2011ರಲ್ಲಿ ಪ್ರಕಟವಾದ ಪಶ್ಚಿಮ ಆಸ್ಟ್ರೇಲಿಯಾದ ಇದೇ ಬಗೆಯ ಅಧ್ಯಯನವು ಸುಮಾರು 5,000 ರೋಗಿಗಳನ್ನು ಸೇರಿಸಿಕೊಳ್ಳಬೇಕೆಂದಿದ್ದು, ಉಳಿದ ಆಂಬುಲೆನ್ಸ್ ಸೇವೆಗಳು ಹಿಂದೆ ಸರಿದದ್ದರಿಂದ 534 ರೋಗಿಗಳ ವಿಶ್ಲೇಷಣೆಯಲ್ಲೇ ಮುಗಿಯಿತು.

ಇಎಂಟಿ ಅವರ ಕೊನೆಯ ಮಾತನ್ನು ನಾನು ಸಂಶೋಧನೆಯ ಪ್ರಶ್ನೆಯಾಗಿಯೇ ಓದಿದೆ. ಪ್ಯಾರಾಮೆಡಿಕ್-2 ಸಾಧ್ಯವಾದದ್ದು ಬಹುತೇಕ ಪ್ರತಿ ರೋಗಿಯೂ ಮೂವತ್ತನೆಯ ದಿನ ಬದುಕಿದ್ದಾರೆಯೇ ಎಂದು ಅವರಿಗೆ ತಿಳಿಯುತ್ತಿದ್ದುದರಿಂದ. ನಮ್ಮ ಊರಿನಲ್ಲಿ ಯಾವುದಾದರೂ ಅಧ್ಯಯನ ಆರಂಭಿಸುವುದಾದರೆ, ಆಂಬುಲೆನ್ಸಿನ ದಾಖಲೆಯನ್ನು ಆಸ್ಪತ್ರೆಯ ದಾಖಲೆಯೊಂದಿಗೆ ಜೋಡಿಸುವುದರಿಂದಲೇ ಆರಂಭಿಸುತ್ತೇನೆ. ನಿಮ್ಮ ಪದವಿಯ ಪ್ರಬಂಧಕ್ಕೆ ಒಂದು ಆಸ್ಪತ್ರೆ, ಆರು ತಿಂಗಳ ಪ್ರಕರಣಗಳು ಸಾಕು. ಸಮಿತಿಯ ಅನುಮತಿಗೆ ಬೇಕಾದ ಅರ್ಜಿಯನ್ನು ಬರೆಯಲು ನಾನು ನೆರವಾಗುತ್ತೇನೆ.